ಉಯ್ಯಾಲೆಯ ಚಿತ್ರಕಾರ

1767ರಲ್ಲಿ ಫ್ರಾನ್ಸಿನ ಸಿರಿವಂತ ಆಸ್ಥಾನಿಕನೊಬ್ಬನು ದ್ವಾಯಾಂ ಎಂಬ ಚಿತ್ರಕಾರನ ಮುಂದೆ ವಿಲಕ್ಷಣವಾದ ಬಯಕೆಯೊಂದನ್ನಿಟ್ಟನು. ತನ್ನ ಪ್ರೇಯಸಿ ಉಯ್ಯಾಲೆಯಲ್ಲಿ ಕುಳಿತಿರಬೇಕು. ಅದನ್ನು ಬಿಷಪ್ಪನೊಬ್ಬನು ತೂಗುತ್ತಿರಬೇಕು. ತಾನು ಅವಳ ಕಾಲುಗಳು ಕಾಣುವ ಎಡೆಯಲ್ಲಿರಬೇಕು! ದ್ವಾಯಾಂ ಆಗತಾನೆ ಧಾರ್ಮಿಕ ಚಿತ್ರವೊಂದರಿಂದ ಕೀರ್ತಿ ಪಡೆದಿದ್ದವನು. ಅವನು ಬೆಚ್ಚಿದನು, ಆದರೂ ಸುಂದರಿಯ ಪಾದರಕ್ಷೆ ಗಾಳಿಗೆ ಹಾರಲೆಂಬ ಸಲಹೆಯನ್ನಿತ್ತು, ಈ ಕೆಲಸಕ್ಕೆ ತಕ್ಕವನು ಫ್ರಾಗೊನಾರನೇ ಎಂದು ಕೈತೊಳೆದುಕೊಂಡನು. ನಾಟಕಕಾರ ಕೊಲ್ಲೆ ತನ್ನ ದಿನಚರಿಯಲ್ಲಿ ಇದನ್ನು ಬರೆದಿಡದಿದ್ದರೆ, ರೊಕೊಕೊ ಶೈಲಿಯ ಅತ್ಯಂತ ಪ್ರಸಿದ್ಧ ತೈಲಚಿತ್ರದ ಜನ್ಮವೃತ್ತಾಂತವೇ ನಮಗೆ ದೊರೆಯುತ್ತಿರಲಿಲ್ಲ.

ಜಾನ್ ಒನೊರೆ ಫ್ರಾಗೊನಾರ್ ಹುಟ್ಟಿದ್ದು 1732ರಲ್ಲಿ, ದಕ್ಷಿಣ ಫ್ರಾನ್ಸಿನ ಗ್ರಾಸ್ ಎಂಬ ಊರಿನಲ್ಲಿ. ತಂದೆ ಕೈಗವಸುಗಳ ವ್ಯಾಪಾರಿ. ಹುಡುಗನನ್ನು ಪ್ಯಾರಿಸ್ಸಿನಲ್ಲಿ ದಸ್ತಾವೇಜು ಬರೆಯುವವರ ಕಚೇರಿಗೆ ಸೇರಿಸಿದರೂ ಅವನ ಮನಸ್ಸೆಲ್ಲ ಚಿತ್ರದಲ್ಲಿತ್ತು. ಶಾರ್ದೇನನಲ್ಲಿ ಕೆಲಕಾಲವಿದ್ದು, ಬೂಷೆಯ ಶಿಷ್ಯನಾಗಿ, 1752ರಲ್ಲಿ ರೋಮ್ ಬಹುಮಾನವನ್ನು ಗೆದ್ದನು. 1756ರಿಂದ 1761ರವರೆಗೆ ಇಟಲಿಯಲ್ಲಿದ್ದು ಅಲ್ಲಿನ ತೋಟಗಳನ್ನೂ ಮುಗಿಲೆತ್ತರದ ಮರಗಳನ್ನೂ ಕಣ್ತುಂಬಿಕೊಂಡನು. 1765ರಲ್ಲಿ ಗ್ರೀಕ್ ಪುರಾಣದ ಅರ್ಚಕ ಕೊರೇಸಸನ ಆತ್ಮಬಲಿಯನ್ನು ಚಿತ್ರಿಸಿದಾಗ ಅಕಾಡೆಮಿ ತಲೆದೂಗಿತು. ಅರಸನೇ ಅದನ್ನು ಕೊಂಡನು. ಹಣ ಮಾತ್ರ ಬಹಳ ತಡವಾಗಿ ಬಂದಿತು. ಪುರಾಣ ಚಿತ್ರಗಳ ರಾಜಮಾರ್ಗ ತೆರೆದಿದ್ದಾಗ ಈತ ಅದನ್ನು ಬಿಟ್ಟು ಧನಿಕರ ಅಂತಃಪುರದ ಓಣಿಯನ್ನು ಹಿಡಿದನು.

ಇದನ್ನು ಪತನವೆಂದು ಕರೆದವರು ಅನೇಕರು. ನನಗೆ ಹಾಗೆ ತೋರುವುದಿಲ್ಲ. ಚಿತ್ರವನ್ನೇ ನೋಡಿ: ಎತ್ತರ ಸುಮಾರು 81 ಸೆಂಟಿಮೀಟರ್, ಅಗಲ 64, ಅಷ್ಟರಲ್ಲೇ ಒಂದು ಅರಣ್ಯ ಉಸಿರಾಡುತ್ತದೆ. ಬಿಷಪ್ಪನ ಬದಲು ನೆರಳಿನಲ್ಲಿ ಒಬ್ಬ ಮುದುಕ ಹಗ್ಗ ಹಿಡಿದಿದ್ದಾನೆ. ಪೊದೆಯಲ್ಲಿ ತರುಣ ಒರಗಿದ್ದಾನೆ. ಗುಲಾಬಿ ಬಣ್ಣದ ಉಡುಪಿನ ಯುವತಿ ಇಬ್ಬರ ನಡುವೆ ಬೆಳಕಿನಲ್ಲಿ ತೇಲುತ್ತಾಳೆ. ಎಡಗಡೆಯ ಶಿಲಾಮನ್ಮಥ ತುಟಿಯ ಮೇಲೆ ಬೆರಳಿಟ್ಟಿದ್ದಾನೆ. ಅದು ಫಾಲ್ಕೊನೆ ಎಂಬ ಶಿಲ್ಪಿಯ ಪ್ರಸಿದ್ಧ ಕೃತಿಯ ಪ್ರತಿರೂಪ. ಕೇಳಿದ್ದು ಕೀಳು ಅಭಿರುಚಿಯ ಚಿತ್ರವಾದರೂ, ಕೊಟ್ಟದ್ದು ಒಂದು ಕ್ಷಣದ ನಿರ್ಭಾರವಾದ ಹರ್ಷ. ಶೃಂಗಾರವನ್ನು ರಸರಾಜನೆಂದು ಓದಿ ಬೆಳೆದ ನಮಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಆದರೆ ಇಂಥ ಹರ್ಷವನ್ನು ನಂಬಿದವನು ಧಣಿಗಳ ಚಪಲವನ್ನೂ ನಂಬಬೇಕಾಗುತ್ತದೆ. ಅರಸನ ಪ್ರೇಯಸಿ ಮದಾಂ ದ್ಯು ಬಾರಿಗಾಗಿ ಬರೆದ ನಾಲ್ಕು ಬೃಹತ್ ಪ್ರಣಯಚಿತ್ರಗಳು 1773ರ ಸುಮಾರಿಗೆ ಹಿಂದಿರುಗಿ ಬಂದವು. ಅಷ್ಟರಲ್ಲಿ ಪ್ರಾಚೀನ ಗ್ರೀಕರ ಗಾಂಭೀರ್ಯವೇ ಹೊಸ ರೂಢಿಯಾಗಿತ್ತು. 1788ರಲ್ಲಿ ಹದಿಹರೆಯದ ಮಗಳು ರೊಸಲಿ ತೀರಿಕೊಂಡಳು. ಮರುವರ್ಷವೇ ಮಹಾಕ್ರಾಂತಿ. ಚಿತ್ರ ಬರೆಸುವವರು ದೇಶ ಬಿಟ್ಟರು, ಇಲ್ಲವೆ ತಲೆ ತೆತ್ತರು. 1790ರಲ್ಲಿ ಆತ ಆ ತಿರಸ್ಕೃತ ಚಿತ್ರಗಳೊಡನೆ ಗ್ರಾಸಿಗೆ ಹೋಗಿ ಬಂಧುವೊಬ್ಬನ ಮನೆಯ ಗೋಡೆಗಳಿಗೆ ಅವನ್ನು ಹೊಂದಿಸಿದನು. ಪ್ಯಾರಿಸ್ಸಿಗೆ ಮರಳಿದ ಮೇಲೆ ಅವನಿಗೆ ಲೂವ್ರ್ ಸಂಗ್ರಹಾಲಯದಲ್ಲಿ ಕೆಲಸ ಕೊಡಿಸಿದವನು ಕ್ರಾಂತಿಯ ಚಿತ್ರಕಾರ ದಾವಿದ್! ರೊಕೊಕೊವಿನ ಪರಮವೈರಿಯೇ ಅದರ ಕೊನೆಯ ಕವಿಯನ್ನು ಕಾಪಾಡಿದ್ದು ನನಗೆ ಇತಿಹಾಸದ ಔದಾರ್ಯವೆಂದು ತೋರುತ್ತದೆ. ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದವನು 1806ರ ಆಗಸ್ಟ್ 22ರಂದು, ಜನ ಬಹುಮಟ್ಟಿಗೆ ಮರೆತಿದ್ದಾಗ, ಕಣ್ಮುಚ್ಚಿದನು.

ಉಯ್ಯಾಲೆಯ ಒಡೆಯನಾಗಿದ್ದ ಮೆನಾಜ್ ದ ಪ್ರೆಸಿನ್ಯಿ 1794ರಲ್ಲಿ ಗಿಲೊಟಿನ್ನಿಗೆ ಬಲಿಯಾದನು. ಚಿತ್ರವು ಸರ್ಕಾರದ ಪಾಲಾಯಿತು. ಮುಂದೆ ಮೊರ್ನಿಯ ಡ್ಯೂಕನ ಕೈಸೇರಿ, 1865ರಲ್ಲಿ ಅವನು ಸತ್ತಾಗ ಹರಾಜಾಗಿ ಇಂಗ್ಲೆಂಡಿನ ಲಾರ್ಡ್ ಹರ್ಟ್‌ಫರ್ಡನದಾಯಿತು. 1897ರಲ್ಲಿ ಲೇಡಿ ವಾಲೆಸ್ ಆ ಮನೆತನದ ಸಂಗ್ರಹವನ್ನು ರಾಷ್ಟ್ರಕ್ಕೆ ಬಿಟ್ಟುಹೋದಳು. 1900ರಿಂದ ಅದು ಲಂಡನ್ನಿನಲ್ಲಿ ಸಾರ್ವಜನಿಕರಿಗೆ ತೆರೆದಿದೆ. 2021ರಲ್ಲಿ ಹಳದಿಗಟ್ಟಿದ ಹಳೆಯ ವಾರ್ನಿಷನ್ನು ತೆಗೆದಾಗ, ಆ ಗುಲಾಬಿಯೂ ಹಸಿರೂ ಮತ್ತೆ ಹೊರಬಂದವು.