ಅರ್ಜಿ ಬರೆಯುವವನು ಕಂಡ ಡೆಮಾಸ್ತನೀಸ್

ಆದೋನಿಯಲ್ಲಿ ಅರ್ಜಿ ಬರೆದುಕೊಟ್ಟೇ ನಾನು ಮೂವತ್ತು ವರ್ಷ ಹೊಟ್ಟೆ ಹೊರೆದವನು. ಬಂದವರು ಕನ್ನಡದಲ್ಲಿ ಗೋಳು ಹೇಳಿಕೊಳ್ಳುತ್ತಾರೆ, ನಾನು ತೆಲುಗಿನಲ್ಲಿ ಬರೆಯುತ್ತೇನೆ. ಹೆಚ್ಚಿನವು ಹೊಲದ ಪಾಲಿನ ತಕರಾರುಗಳೇ. ಕೂತ ತಕ್ಷಣ ದಾಯಾದಿಗೆ ಬೈಗುಳ ಶುರು. ಅದೆಲ್ಲ ಆಮೇಲೆ, ಮೊದಲು ಸರ್ವೆ ನಂಬರ್, ಎಕರೆ, ಸೆಂಟು ಹೇಳಪ್ಪಾ ಎಂದು ನಾನೇ ತಡೆಯಬೇಕು. ಆಗೆಲ್ಲ ನನಗೆ ನೆನಪಾಗುವವನು ಗ್ರೀಸ್ ದೇಶದ ಅಥೆನ್ಸ್ ನಗರದ ಡೆಮಾಸ್ತನೀಸ್. 2300 ವರ್ಷಗಳಾಚೆಗೂ ಮಾತುಗಾರ ಎಂದರೆ ಇವನೇ ಎನ್ನಿಸಿಕೊಂಡವನು. ಅವನ ಮಾತಿನ ಕಸುಬು ಶುರುವಾದದ್ದೂ ಪಾಲಿನ ಜಗಳದಿಂದಲೇ.

ಹುಟ್ಟಿದ್ದು ಕ್ರಿ.ಪೂ. 384ರಲ್ಲಿ. ತಂದೆ ಅನುಕೂಲಸ್ಥ. ಕತ್ತಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು, ಮಂಚ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ಗುಲಾಮರು ದುಡಿಯುತ್ತಿದ್ದರು. ಮಗನಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡ. ಆಸ್ತಿ ನೋಡಿಕೊಳ್ಳಲು ಮೂವರು ಪೋಷಕರನ್ನು ನೇಮಿಸಿದ್ದ. ಹುಡುಗ ಪ್ರಾಯಕ್ಕೆ ಬಂದು ಲೆಕ್ಕ ಕೇಳಿದರೆ, ಸುಮಾರು 14 ಟ್ಯಾಲೆಂಟ್ ಇದ್ದ ಗಂಟಿನಲ್ಲಿ ಕೈಗೆ ಬಂದದ್ದು ಒಂದು ಟ್ಯಾಲೆಂಟಿಗೆ ತುಸು ಮೇಲೆ ಮಾತ್ರ. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ ಬೆಳ್ಳಿ. ಉಳಿದದ್ದನ್ನು ಪೋಷಕರೇ ನುಂಗಿದ್ದರು.

ಅಥೆನ್ಸಿನಲ್ಲಿ ತನ್ನ ದಾವೆಯನ್ನು ತಾನೇ ನಿಂತು ವಾದಿಸಬೇಕಿತ್ತು. ತೀರ್ಪು ಕೊಡುವವರು ನೂರಾರು ಮಂದಿ ಸಾಮಾನ್ಯ ನಾಗರಿಕರು. ಪಾಲಿನ ವ್ಯಾಜ್ಯಗಳಲ್ಲಿ ಪಳಗಿದ್ದ ಈಸಿಯಸ್ ಎಂಬಾತನಲ್ಲಿ ಕಲಿತು, ಇಪ್ಪತ್ತರ ಆಸುಪಾಸಿನಲ್ಲಿ ಈತ ವಾದಕ್ಕೆ ನಿಂತ. ಆ ಭಾಷಣ ಇಂದಿಗೂ ಉಳಿದಿದೆ. ನಮ್ಮ ಮಂಡಿ ವ್ಯಾಪಾರಿಗಳು ಓದಿದರೆ ಖಾತೆ ಪುಸ್ತಕ ಎಂದಾರು. ಕಾರ್ಖಾನೆಯ ಆದಾಯ ಇಷ್ಟು, ದಂತದ ದಾಸ್ತಾನು ಇಷ್ಟು, ಬಡ್ಡಿಗೆ ಕೊಟ್ಟದ್ದು ಇಷ್ಟು, ಹಾಗಾದರೆ ಉಳಿದದ್ದೆಲ್ಲಿ ಎಂಬ ಪ್ರಶ್ನೆ. ಒಂದೊಂದು ಬಾಬ್ತಿಗೂ ಸಾಕ್ಷಿ. ಲೆಕ್ಕವೆಲ್ಲ ಮುಗಿದ ಮೇಲೆಯೇ, ತಾಯಿಯ ಮತ್ತು ಮದುವೆಯಾಗದ ತಂಗಿಯ ಗತಿಯೇನು ಎಂದು ಕರುಳು ಹಿಂಡಿದ.

ಗೆದ್ದ. ಅಫೋಬಸ್ ಎಂಬ ಪೋಷಕ 10 ಟ್ಯಾಲೆಂಟ್ ಕೊಡಬೇಕೆಂದು ತೀರ್ಪಾಯಿತು. ಆದರೆ ವಸೂಲಿ? ಅಫೋಬಸನ ಹೊಲ ತನ್ನ ತಂಗಿಯ ವರದಕ್ಷಿಣೆಗೆ ಒತ್ತೆ ಬಿದ್ದಿದೆ ಎಂದು ಅವನ ಭಾವಮೈದುನ ಅಡ್ಡ ನಿಂತ. ಮತ್ತೆ ದಾವೆ. ಡಿಕ್ರಿ ಕೈಲಿ ಹಿಡಿದು ಅಲೆಯುವವರು ನಮ್ಮಲ್ಲೂ ಎಷ್ಟಿಲ್ಲ! ಇವನಿಗೂ ಬಹುಪಾಲು ದಕ್ಕಲಿಲ್ಲ.

ಹೊಟ್ಟೆಪಾಡಿಗೆ ಬೇರೆಯವರ ದಾವೆಗಳಿಗೆ ಭಾಷಣ ಬರೆದುಕೊಡತೊಡಗಿದ. ಅಂದರೆ ನನ್ನದೇ ಕಸುಬು. ಒಂದು ಲೇವಾದೇವಿ ಮನೆತನದ ಜಗಳದಲ್ಲಿ ಮೊದಲು ಒಬ್ಬನಿಗೆ, ಆಮೇಲೆ ಅವನ ಎದುರಾಳಿಗೆ ಬರೆದುಕೊಟ್ಟನೆಂಬ ಅಪವಾದವೂ ಬಂತು. ಒಂದೇ ಅಂಗಡಿಯಿಂದ ಇಬ್ಬರು ಶತ್ರುಗಳಿಗೂ ಕತ್ತಿ ಮಾರಿದ ಹಾಗೆ ಎಂದು ಜನ ಆಡಿಕೊಂಡರು. ಕತ್ತಿ ಕಾರ್ಖಾನೆಯವನ ಮಗನಲ್ಲವೇ!

ಸಭೆಯಲ್ಲಿ ಈತನ ಮೊದಲ ಮಾತಿಗೆ ಜನ ನಕ್ಕರಂತೆ. ದನಿ ಸಣ್ಣದು, ಉಸಿರು ಸಾಲದು, ನಾಲಿಗೆ ಹೊರಳದು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿದ, ಏರು ಹತ್ತುತ್ತಾ ಪಾಠ ಒಪ್ಪಿಸಿದ, ಹೊರಗೆ ಹೋಗಲು ನಾಚಿಕೆಯಾಗಲಿ ಎಂದು ಅರ್ಧ ತಲೆ ಬೋಳಿಸಿಕೊಂಡು ನೆಲಮನೆಯಲ್ಲಿ ತಿಂಗಳುಗಟ್ಟಲೆ ಕೂತ ಎಂದು ನಾಲ್ಕು ಶತಮಾನದ ಮೇಲೆ ಬಂದ ಪ್ಲುಟಾರ್ಕ್ ಬರೆದಿದ್ದಾನೆ.

ಆಗ ಉತ್ತರದ ಮ್ಯಾಸಿಡೋನಿಯದ ಅರಸ ಫಿಲಿಪ್ ಊರೂರು ನುಂಗುತ್ತ ಬರುತ್ತಿದ್ದ. 351ರ ಭಾಷಣದಲ್ಲಿ ಡೆಮಾಸ್ತನೀಸ್ ತನ್ನ ಜನರನ್ನು ಗುದ್ದಾಟ ಬಾರದ ಒಡ್ಡನಿಗೆ ಹೋಲಿಸಿದ. ಪೆಟ್ಟು ಬಿದ್ದ ಜಾಗಕ್ಕೇ ಕೈ ಒಯ್ಯುತ್ತಾನೆ, ಮುಂದಿನ ಪೆಟ್ಟು ತಡೆಯುವುದು ಅವನಿಗೆ ತಿಳಿಯದು ಎಂದ. ಬರೀ ಹೋಲಿಕೆಗೆ ನಿಲ್ಲಲಿಲ್ಲ. ಹಡಗು 50, ಕಾಲಾಳು 2000, ಕುದುರೆ ಸವಾರರು 200, ಖರ್ಚು 90 ಟ್ಯಾಲೆಂಟಿಗೆ ಸ್ವಲ್ಪ ಮೇಲೆ ಎಂದು ಪಟ್ಟಿ ಒಪ್ಪಿಸಿದ. ಮತ್ತೆ ಅದೇ ಖಾತೆ ಪುಸ್ತಕ! ಜನ ಎಚ್ಚೆತ್ತದ್ದು ತಡವಾಗಿ. 338ರಲ್ಲಿ ಕೈರೋನಿಯದಲ್ಲಿ ಸೋತರು.

ಸೋತ ಮೇಲೂ ಊರು ಈತನನ್ನು ಬಿಡಲಿಲ್ಲ. ಚಿನ್ನದ ಕಿರೀಟ ಕೊಡಬೇಕೆಂದು ಒಬ್ಬ ಸೂಚಿಸಿದಾಗ ಹಳೆಯ ವೈರಿ ಈಸ್ಕಿನೀಸ್ ದಾವೆ ಹೂಡಿದ. 330ರಲ್ಲಿ ವಿಚಾರಣೆ. ಡೆಮಾಸ್ತನೀಸ್ ತನ್ನ ಬದುಕನ್ನೇ ಸಾಕ್ಷಿಯಾಗಿ ಮುಂದಿಟ್ಟು, ಸೋಲು ಮೊದಲೇ ಗೊತ್ತಿದ್ದರೂ ಹೋರಾಡುವುದೇ ನಮಗೆ ತಕ್ಕದ್ದಾಗಿತ್ತು ಎಂದು ವಾದಿಸಿದ. ಈಸ್ಕಿನೀಸನಿಗೆ ಐದರಲ್ಲೊಂದು ಪಾಲು ಮತವೂ ಬೀಳದೆ ಊರು ಬಿಟ್ಟ.

ಅರಿಸ್ಟಾಟಲ್ ಇವನ ಓರಗೆಯವನು. ಇಬ್ಬರೂ ಹುಟ್ಟಿದ್ದು 384, ಸತ್ತದ್ದು 322. ಒಪ್ಪಿಸುವ ಮಾತಿಗೆ ಮೂರು ಬಲ ಎಂದು ಅರಿಸ್ಟಾಟಲ್ ಬರೆದ: ಯುಕ್ತಿ, ಕೇಳುವವರ ಮನಸ್ಸಿನ ಭಾವ, ಆಡುವವನ ಮೇಲಿನ ನಂಬಿಕೆ. ನಾನು ಇವನ್ನು ಲೆಕ್ಕ, ಸಂಕಟ, ನಂಬಿಕೆ ಅಂತೇನೆ. ಡೆಮಾಸ್ತನೀಸನಲ್ಲಿ ಮೂರೂ ಇದ್ದವು. ಕೊನೆಗೆ ಹೋದದ್ದು ಮೂರನೆಯದು.

324ರಲ್ಲಿ ಅಲೆಕ್ಸಾಂಡರನ ಖಜಾನೆ ಅಧಿಕಾರಿ ಹರ್ಪಾಲಸ್ ಹಣ ಹೊತ್ತು ಅಥೆನ್ಸಿಗೆ ಓಡಿಬಂದ. ಕೋಟೆಯಲ್ಲಿಟ್ಟ ಆ ಹಣದಲ್ಲಿ ಅರ್ಧ ಕಾಣೆಯಾಯಿತು. ಡೆಮಾಸ್ತನೀಸ್ 20 ಟ್ಯಾಲೆಂಟ್ ತಿಂದನೆಂದು ಆರೋಪ, 50 ಟ್ಯಾಲೆಂಟ್ ದಂಡ. ತಿಂದದ್ದು ನಿಜವೋ ಸುಳ್ಳೋ, ಪಂಡಿತರು ಇಂದಿಗೂ ವಾದಿಸುತ್ತಾರೆ. ಪೋಷಕರನ್ನು ಲೆಕ್ಕ ಕೇಳಿ ಹೆಸರು ಮಾಡಿದವನು ತಾನೇ ಲೆಕ್ಕ ಒಪ್ಪಿಸಲಾರದೆ ನಿಂತ. ಅಷ್ಟು ದೊಡ್ಡ ಮಾತುಗಾರನ ಮಾತು ಅಂದು ನಡೆಯಲಿಲ್ಲ.

ದಂಡ ಕಟ್ಟಲಾರದೆ ಸೆರೆಯಿಂದ ಓಡಿಹೋದ. ಅಲೆಕ್ಸಾಂಡರ್ ಸತ್ತ ಮೇಲೆ ಊರು ವಾಪಸು ಕರೆಯಿತು. ಆದರೆ 322ರಲ್ಲಿ ಅಥೆನ್ಸ್ ಮತ್ತೆ ಸೋತಿತು. ಗೆದ್ದವರು ಹಿಡಿಯಲು ಬಂದಾಗ ಈತ ಕಲೌರಿಯ ದ್ವೀಪದ ದೇವಾಲಯದಲ್ಲಿದ್ದ. ಪತ್ರ ಬರೆಯುವವನಂತೆ ಲೇಖನಿಯ ತುದಿ ಕಚ್ಚಿ, ಅದರಲ್ಲಿ ಅಡಗಿಸಿದ್ದ ವಿಷ ಕುಡಿದನಂತೆ.

ಲೇಖನಿಯೇ ಅನ್ನವಾದ ನನಗೆ ಈ ಕಥೆ ಓದಿದಾಗಲೆಲ್ಲ ಕೈ ತಡೆಯುತ್ತದೆ. ಹೋದ ಬೇಸಿಗೆಯಲ್ಲಿ ಒಬ್ಬ ರೈತ ಬಂದು, ತಮ್ಮನ ಪಾಲಿನ ಒಂದೂವರೆ ಎಕರೆಯನ್ನೂ ಸೇರಿಸಿ ಬರಿ ಸಾಮಿ, ಯಾರು ಅಳೀತಾರೆ ಎಂದ. ನಾನು ಬರೆಯಲಿಲ್ಲ. ಒಂದು ಸೆಂಟು ಸುಳ್ಳು ಸೇರಿದರೆ ಉಳಿದ ನಿಜವನ್ನೂ ಯಾರೂ ನಂಬೋದಿಲ್ಲಪ್ಪಾ ಎಂದೆ. ಸಿಟ್ಟಾಗಿ ಎದ್ದುಹೋದ. ಎರಡು ದಿನ ಬಿಟ್ಟು ಪಹಣಿ ಹಿಡಿದು ಬಂದ. ತನ್ನ ಪಾಲನ್ನಷ್ಟೇ ಬರೆಸಿಕೊಂಡ.