ನಾಯಕನಲ್ಲದ ಘಟೋತ್ಕಚ

ನಮ್ಮಲ್ಲಿ ಬಾಲಣ್ಣ ಹೇಗೋ, ತೆಲುಗರಿಗೆ ಎಸ್.ವಿ. ರಂಗಾರಾವ್ ಹಾಗೆ. ನಾಯಕನಲ್ಲ, ಆದರೆ ಅವರಿಲ್ಲದೆ ಚಿತ್ರ ನಿಲ್ಲುವುದಿಲ್ಲ. ವಿಶಾಖಪಟ್ಟಣಕ್ಕೆ ಕೆಲಸಕ್ಕೆ ಬಂದ ಮೇಲೆ ನನ್ನ ತೆಲುಗು ಸುಧಾರಿಸಿದ್ದು ಅವರ ಹಳೆಯ ಚಿತ್ರಗಳಿಂದಲೇ. 'ಮಾಯಾಬಜಾರ್'ನಲ್ಲಿ ಇಡೀ ಮದುವೆಯ ಅಡುಗೆಯನ್ನು ಒಬ್ಬನೇ ಖಾಲಿ ಮಾಡುವ ಘಟೋತ್ಕಚನನ್ನು ಕನ್ನಡಿಗರಿಗೂ ಪರಿಚಯಿಸಬೇಕಿಲ್ಲ.

ಸಾಮರ್ಲ ವೆಂಕಟ ರಂಗಾರಾವ್ ಹುಟ್ಟಿದ್ದು 1918ರ ಜುಲೈ 3ರಂದು, ವಿಜಯವಾಡಕ್ಕೆ ಹತ್ತಿರದ ಮಾವಿನ ಊರು ನೂಜಿವೀಡಿನಲ್ಲಿ. ಶಾಲೆ ಮದ್ರಾಸಿನಲ್ಲಿ, ಇಂಟರ್‌ಮೀಡಿಯೆಟ್ ಇದೇ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನಲ್ಲಿ, ಬಿಎಸ್ಸಿ ಕಾಕಿನಾಡದಲ್ಲಿ. ಅಲ್ಲಿನ ಯಂಗ್ ಮೆನ್ಸ್ ಹ್ಯಾಪಿ ಕ್ಲಬ್ ಎಂಬ ಹವ್ಯಾಸಿ ತಂಡದ ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದರು. ಹೊಟ್ಟೆಪಾಡಿಗೆ ಮಚಲೀಪಟ್ಟಣ, ವಿಜಯನಗರಂಗಳಲ್ಲಿ ಅಗ್ನಿಶಾಮಕ ಅಧಿಕಾರಿಯ ಕೆಲಸ.

ಆ ಕೆಲಸ ಬಿಟ್ಟು 'ವರೂಧಿನಿ'ಗೆ (1947) ನಾಯಕರಾದರು. ಚಿತ್ರ ಸೋತಿತು. ಅವರು ಜಮ್ಷೆಡ್‌ಪುರಕ್ಕೆ ಹೋಗಿ ಟಾಟಾ ಕಂಪನಿಯಲ್ಲಿ ನೌಕರಿ ಹಿಡಿದರು. ಊರು ಬಿಟ್ಟು ದುಡಿಯುವ ನಮಗೆ ಈ ಭಾಗವನ್ನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಡಿಗ್ರಿ, ತಿಂಗಳ ಕೊನೆಗೆ ಸಂಬಳ, ಒಮ್ಮೆ ಸೋತ ಆಸೆ. ಬಹಳ ಮಂದಿ ಅಲ್ಲಿಗೇ ನಿಲ್ಲುತ್ತಾರೆ. ರಂಗಾರಾವ್ ಸಣ್ಣ ಪಾತ್ರವಾದರೂ ಸರಿಯೆಂದು ಮದ್ರಾಸಿಗೆ ಮರಳಿದರು.

1950ರ 'ಷಾವುಕಾರು' ಚಿತ್ರದಲ್ಲಿ ಸುಣ್ಣಂ ರಂಗಡು ಎಂಬ ರೌಡಿ. ಮರುವರ್ಷ 'ಪಾತಾಳಭೈರವಿ'ಯ ನೇಪಾಳದ ಮಾಂತ್ರಿಕ. ನಾಯಕ ಎನ್.ಟಿ. ರಾಮರಾವ್, ಆದರೆ ನೋಡಿದ ಮೇಲೆ ತಲೆಯಲ್ಲಿ ಉಳಿಯುವವನು ಮಾಂತ್ರಿಕ. ಅಲ್ಲಿಂದ ಮುಂದೆ ನಲವತ್ತು ತುಂಬುವ ಮೊದಲೇ ಅಪ್ಪ, ಜಮೀನ್ದಾರನ ಪಾತ್ರಗಳು ತೆಲುಗಿನಲ್ಲೂ ತಮಿಳಿನಲ್ಲೂ ಸಾಲುಗಟ್ಟಿದವು.

ಅವರದು ಆಜಾನುಬಾಹು ದೇಹ, ಗುಡುಗಿನ ಕಂಠ. ಆದರೂ ಅವರನ್ನು ಬರೀ ರಾಕ್ಷಸ ಪಾತ್ರಗಳಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಬಿ.ಎನ್. ರೆಡ್ಡಿಯವರ 'ಬಂಗಾರು ಪಾಪ'ದ (1955) ಕೋಟಯ್ಯನನ್ನು ನೋಡಿ. ಜಾರ್ಜ್ ಎಲಿಯಟ್‌ರ ಕಾದಂಬರಿಯಿಂದ ಬಂದ ಕಥೆ. ಕಲ್ಲುಮನಸ್ಸಿನವನೊಬ್ಬ ಅನಾಥ ಮಗುವನ್ನು ಎತ್ತಿಕೊಂಡು ಸ್ವಲ್ಪಸ್ವಲ್ಪವೇ ಕರಗುತ್ತಾನೆ. ಅಲ್ಲಿ ಅಬ್ಬರ ನೆರವಿಗೆ ಬರುವುದಿಲ್ಲ.

'ಮಾಯಾಬಜಾರ್'ನಲ್ಲಿ (1957) ಇನ್ನೊಂದು ತಮಾಷೆಯಿದೆ. ಘಟೋತ್ಕಚ ಶಶಿರೇಖೆಯ ವೇಷ ಹಾಕುತ್ತಾನಲ್ಲ, ಆ ದೃಶ್ಯಗಳಲ್ಲಿ ನಟಿಸುವವರು ಸಾವಿತ್ರಿ. ಹಾಗಾಗಿ ಅವರು ರಂಗಾರಾವ್ ಅವರ ಠೀವಿ, ಮುಖಭಾವಗಳನ್ನು ತಮ್ಮ ಮೇಲೆ ಹೊದ್ದುಕೊಳ್ಳಬೇಕಾಯಿತು. ರಂಗಾರಾವ್ ತೆರೆಯ ಮೇಲಿಲ್ಲದಾಗಲೂ ನಾವು ಅವರನ್ನೇ ನೋಡುತ್ತಿರುತ್ತೇವೆ. 1967ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು ಅವರೇ. ಅಣ್ಣಾವ್ರ 1983ರ ಹಿರಣ್ಯಕಶಿಪುವನ್ನು ಮೆಚ್ಚಿದವರು ಇದನ್ನೂ ಒಮ್ಮೆ ಹುಡುಕಿ ನೋಡಬೇಕು.

'ನರ್ತನಶಾಲ'ದ (1963) ಕೀಚಕನಿಗಾಗಿ ಜಕಾರ್ತಾದ ಆಫ್ರೋ-ಏಷ್ಯನ್ ಚಿತ್ರೋತ್ಸವ ಅವರನ್ನು ಶ್ರೇಷ್ಠ ನಟನೆಂದು ಗೌರವಿಸಿತು. ನಮ್ಮ ದೇಶದಿಂದ ಒಂದು ಪದ್ಮ ಪ್ರಶಸ್ತಿಯೂ ಬರಲಿಲ್ಲ. ನಿರ್ದೇಶಕರಾಗಿ ಮಾಡಿದ 'ಚದರಂಗಂ', 'ಬಾಂಧವ್ಯಾಲು' ಚಿತ್ರಗಳಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಗಳು ಸಿಕ್ಕವು.

1974ರ ಜುಲೈ 18ರಂದು ಮದ್ರಾಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗಿನ್ನೂ 56 ವರ್ಷ. ಅಂಚೆ ಇಲಾಖೆ ಅವರ ಚೀಟಿ ಹೊರತಂದದ್ದು 2013ರಲ್ಲಿ, ಭಾರತೀಯ ಚಿತ್ರರಂಗಕ್ಕೆ ನೂರು ತುಂಬಿದಾಗ.