ಮರದ ಮುಂದಿನ ರೂಪವನ್ನು ಕಂಡು ಗಿಡ ನೆಟ್ಟ ಜಿ.ಹೆಚ್. ಕೃಂಬಿಗಲ್

ಮುಂಗಾರಿನ ಆರಂಭದಲ್ಲಿ ಸಸ್ಯಕ್ಷೇತ್ರದಿಂದ ಸಸಿಗಳನ್ನು ತಂದು ಮನೆಯಂಗಳದಲ್ಲಿಯೋ ಜಮೀನಿನ ದಾರಿಯ ಬದಿಯಲ್ಲಿಯೋ ನೆಡುವಾಗ ನಿಮ್ಮ ಕಣ್ಣೆದುರಿಗಿರುವುದು ಮೊಳದುದ್ದದ ಗಿಡ ಮಾತ್ರ. ಮೂವತ್ತು ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ನಿಲ್ಲುವ ಮರವನ್ನು ಮನಸ್ಸಿನಲ್ಲಿ ಕಂಡು ಗುಣಿ ತೆಗೆಯುವವರು ವಿರಳ. ಹಾಗೆ ಕಾಣಬಲ್ಲವರಾಗಿದ್ದ ಒಬ್ಬ ತೋಟಗಾರರ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ಸಮೀಪದ ಲೋಹ್ಮೆನ್‌ನಲ್ಲಿ ಜನಿಸಿದರು. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನ ಹೂವಿನ ಮಡಿಗಳನ್ನು ರೂಪಿಸುತ್ತ ಮುಂದೆ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. 1893ರಲ್ಲಿ ಬರೋಡಾ ಸಂಸ್ಥಾನದ ಉದ್ಯಾನಗಳ ಕೆಲಸಕ್ಕಾಗಿ ಭಾರತಕ್ಕೆ ಬಂದರು. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಜಾನ್ ಕ್ಯಾಮೆರಾನ್ ಅವರ ನಂತರ ಲಾಲ್‌ಬಾಗಿನ ಹೊಣೆ ಹೊತ್ತರು. 1932ರಲ್ಲಿ ನಿವೃತ್ತರಾಗುವವರೆಗೂ ಅವರ ಕಾರ್ಯಕ್ಷೇತ್ರ ಇದೇ ನೆಲ.

ಕೃಂಬಿಗಲ್ ಅವರನ್ನು ಜನ ಹೆಚ್ಚಾಗಿ ನೆನೆಯುವುದು ಬೆಂಗಳೂರಿನ ರಸ್ತೆಬದಿಯ ಮರಗಳಿಗಾಗಿ. ಒಂದು ರಸ್ತೆಯ ಮರಗಳು ಹೂ ಮುಗಿಸುವ ಹೊತ್ತಿಗೆ ಮತ್ತೊಂದು ರಸ್ತೆಯ ಮರಗಳು ಅರಳಬೇಕು, ವರ್ಷದ ಯಾವ ತಿಂಗಳೂ ನಗರ ಹೂವಿಲ್ಲದೆ ಇರಬಾರದು ಎಂಬುದು ಅವರ ಯೋಜನೆ. ಅವರೂ ಅವರ ನಂತರ ಬಂದವರೂ ಬೆಳೆಸಿದ ಈ ಕ್ರಮವನ್ನು ನೀವು ಇಂದಿಗೂ ಕಾಣಬಹುದು. ವರ್ಷದ ಕೊನೆಯಲ್ಲಿ ಆಕಾಶಮಲ್ಲಿಗೆ, ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಶಿವರಾತ್ರಿಯ ಆಸುಪಾಸಿನಲ್ಲಿ ಹಳದಿ ಟಬೂಬಿಯಾ, ಅದರ ಬೆನ್ನಿಗೇ ನೀಲಿಯ ಜಕರಂಡ, ಬೇಸಿಗೆ ಏರಿದಂತೆ ಗುಲ್‌ಮೊಹರ್ ಹಾಗೂ ಹೊಳೆದಾಸವಾಳ. ಉದ್ಯಾನ ವಿನ್ಯಾಸವೆಂದರೆ ಸ್ಥಳವನ್ನು ಹಂಚುವುದೆಂದು ನಾವು ತಿಳಿದಿರುತ್ತೇವೆ. ಅವರು ಕಾಲವನ್ನೂ ಹಂಚಿದರು.

ಈ ಮರಗಳಲ್ಲಿ ಹಲವು ಹೊರನಾಡಿನವು. ಅವೆಲ್ಲವನ್ನೂ ನಿಮ್ಮ ಹೊಲಕ್ಕೆ ನಾನು ಶಿಫಾರಸು ಮಾಡಲಾರೆ. ಗುಲ್‌ಮೊಹರ್‌ನ ಕೊಂಬೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಮಳೆಮರದ ನೆತ್ತಿ 25ರಿಂದ 30 ಮೀಟರ್ ವರೆಗೂ ಹರಡಬಲ್ಲದು, ಅದರ ಕೆಳಗೆ ರಾಗಿ ಬರುವುದಿಲ್ಲ. ಆದರೆ ಅವರ ಕ್ರಮವನ್ನು ನಮ್ಮ ಮರಗಳಿಂದಲೇ ಅನುಸರಿಸಬಹುದು. ಫೆಬ್ರುವರಿಯಿಂದ ಮುತ್ತುಗ, ಮಾರ್ಚ್–ಏಪ್ರಿಲ್‌ನಲ್ಲಿ ಹೊಂಗೆ, ಅನಂತರ ಕಕ್ಕೆ ಮತ್ತು ಹೊಳೆದಾಸವಾಳ. ಜೇನು ಸಾಕುವವರಿಗೆ ಈ ಸರದಿ ಅಲಂಕಾರಕ್ಕಿಂತ ಮಿಗಿಲು. ಹೊಂಗೆಯ ಹೂ ಜೇನುಹುಳುಗಳಿಗೆ ಒಳ್ಳೆಯ ಮೇವು.

ವಿಸ್ತರಣಾ ಕಾರ್ಯಕರ್ತರಿಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಸೇವೆಗೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಶಾಲೆಯ ಆವರಣದಲ್ಲಿ ಬೇಲಿಯುದ್ದಕ್ಕೂ ಮಳೆಮರದ ಸಸಿಗಳನ್ನು ಹತ್ತು ಅಡಿಗೊಂದರಂತೆ ನೆಡಿಸಿದೆ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದುದನ್ನು ನೋಡಲೇ ಇಲ್ಲ. ಕೆಲವು ವರ್ಷಗಳ ತರುವಾಯ ಹೋದಾಗ ಎಲ್ಲ ಮರಗಳ ತಲೆಯನ್ನೂ ಕಡಿದಿದ್ದರು. ಗಿಡ ಹಿಡಿದು ನಿಂತಿದ್ದ ಮಕ್ಕಳು ಆ ವೇಳೆಗೆ ಶಾಲೆ ಬಿಟ್ಟಿದ್ದರು. ಮರದ ನೆರಳು ಅವರ ಯಾರ ಪಾಲಿಗೂ ದಕ್ಕಿರಲಿಲ್ಲ.

ಆದ್ದರಿಂದ ಗಿಡದ ಹೆಸರು ಕೇಳುವ ಮೊದಲು ಸ್ಥಳವನ್ನು ನೋಡಿ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಅಂಗಳದಲ್ಲಿ ನಿಂತರೆ ನೆರಳು ಎಲ್ಲಿ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಅದು ಮನೆಯ ಪಶ್ಚಿಮ ದಿಕ್ಕು. ಅಲ್ಲಿಗೆ ಬೇವು ಅಥವಾ ಹೊಂಗೆ ಸೂಕ್ತ, ಗೋಡೆಯಿಂದ ಸಾಕಷ್ಟು ದೂರದಲ್ಲಿ. ಆಲ, ಅರಳಿಗಳನ್ನು ಬಾವಿಯ ಮತ್ತು ತಳಪಾಯದ ಹತ್ತಿರಕ್ಕೆ ತರಬೇಡಿ. ತಂತಿಯ ಕೆಳಗೆ ದಾಸವಾಳ, ಕಣಗಿಲೆಯಂತಹ ಪೊದೆಗಳು ಸಾಕು. ಕಣಗಿಲೆ ವಿಷಯುಕ್ತವಾದುದರಿಂದ ದನಕರುಗಳು ಬಾಯಿ ಹಾಕುವೆಡೆ ಮಾತ್ರ ಅದು ಬೇಡ. ಬೇಸಿಗೆಯಲ್ಲಿ ನೀರಿನ ಅಭಾವವಿದ್ದಲ್ಲಿ ಹುಲ್ಲುಹಾಸಿನ ಆಸೆಯನ್ನೂ ಬಿಡಿ.

ಕೃಂಬಿಗಲ್ ಅವರ ಆಸಕ್ತಿ ಅಲಂಕಾರಿಕ ಸಸ್ಯಗಳಿಗೆ ಸೀಮಿತವಾಗಿರಲಿಲ್ಲ. ರೋಡ್ಸ್ ಹುಲ್ಲು, ಸೋಯಾ ಅವರೆ, ರಷ್ಯಾದ ಸೂರ್ಯಕಾಂತಿ, ಅಮೆರಿಕದ ಮುಸುಕಿನ ಜೋಳ ಮೊದಲಾದವನ್ನು ಈ ಭಾಗಕ್ಕೆ ತರಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಉದ್ಯಾನದ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೃಷಿಕರಾದ ನಮಗೆ ಅದು ಸಣ್ಣ ಸಂಗತಿಯಲ್ಲ. ಮೈಸೂರು ತೋಟಗಾರಿಕಾ ಸಂಘದ ಆರಂಭದಲ್ಲಿಯೂ ಅವರ ಶ್ರಮವಿತ್ತು.

ಇಷ್ಟೆಲ್ಲ ಮಾಡಿಯೂ ಜರ್ಮನ್ ಮೂಲದವರೆಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರದ ಬಂಧನಕ್ಕೆ ಅವರು ಒಳಗಾಗಬೇಕಾಯಿತು. ಅದಾದ ಮೇಲೂ ಅವರು ತಾಯ್ನಾಡಿಗೆ ಮರಳಿ ನೆಲೆಸಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಅವರ ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಯೊಂದಕ್ಕೆ ಅವರ ಹೆಸರಿದೆ.